ಐದನೇ ಬಿಲ್ಲೆ

ಕಬ್ಬು ಅರೆಯುವ ಕಾಲ. ಮುಂದೆ ಟ್ರಾಕ್ಟರು,
ಅದರ ಬೆನ್ನಿಗೆ ಎರಡು ಟ್ರೈಲರು, ಅವುಗಳ ಹಿಂದೆ ನಾನು.
ಪಾಂಡವಪುರದ ಕಚೇರಿಯಿಂದ ಮಂಡ್ಯದವರೆಗೆ
ಒಂದು ಮಾರು ಹೋಗುವುದು, ನಿಲ್ಲುವುದು,
ಮತ್ತೆ ಒಂದು ಮಾರು.
ಹನ್ನೊಂದು ವರ್ಷ ತಾಳಿತು. ಒಂದು ಸಂಜೆ
ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನು ಕೂಗಿತು,
ಗಾಡಿ ಕದಲಲಿಲ್ಲ.
ಹೇಳಿದ್ದಕ್ಕೆಲ್ಲ ತಲೆದೂಗಿ ಫೈಲು ಮುಟ್ಟದ
ನಮ್ಮ ಗುಮಾಸ್ತನ ಹಾಗೆ.

"ಕ್ಲಚ್ಚಿನ ಗಾಡಿ ತಗೊಂಡ್‌ಬುಡಿ ಮೇಡಂ, ಇದು ಗುಜರಿಗೆ"
ಎಂದವರು ಮೂವರು. ಮೂವರೂ ನನ್ನ ಎಡಗಾಲನ್ನು
ಸೀರೆಯ ಮೇಲಿಂದಷ್ಟೇ ಬಲ್ಲವರು.
ನಾಲ್ಕನೆಯವನು ಗುತ್ತಲು ರಸ್ತೆಯ ಖಲಂದರಣ್ಣ.
ನಾನು ಇಳಿಯುವುದನ್ನು ನೋಡಿದ,
ಮೊಣಕಾಲ ಬಳಿ ಕೀಲು ಟಕ್ಕೆಂದು ಕೂತದ್ದನ್ನು ಕೇಳಿಸಿಕೊಂಡ.
"ಬಿಚ್ಚಣ" ಅಂದ.

ಕೆಂಪಗಿರಬೇಕಾದ ಎಣ್ಣೆ
ಮುದ್ದೆ ಸೀದ ತಪ್ಪಲೆಯ ತಳದ ಬಣ್ಣಕ್ಕೆ ತಿರುಗಿತ್ತು; ವಾಸನೆಯೂ ಅದೇ.
ಆಯಸ್ಕಾಂತಕ್ಕೆ ಹತ್ತಿದ ಕಬ್ಬಿಣದ ಬೂದಿಯನ್ನು
ಬೆರಳಿಗೆ ಸವರಿ ತೋರಿಸಿದ: "ನಿಮ್ಮ ಹನ್ನೊಂದು ವರ್ಸ."
ಬಿಲ್ಲೆಗಳು ಒಂದೊಂದಾಗಿ ಬಂದವು,
ಹಿಡಿಯುವ ಕೆಲಸ ಮಾಡಿ ಮಾಡಿ ನುಣ್ಣಗಾದವು.
ವಾಲ್ವ್ ಬಾಡಿ ತೆರೆದರೆ ಕಾಲುವೆ, ಕಿರುಗಾಲುವೆ, ತೂಬು,
ವಿ.ಸಿ. ನಾಲೆಯನ್ನು ಯಾರೋ
ಮೊರದಗಲಕ್ಕೆ ಎರಕ ಹೊಯ್ದಂತೆ.
ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ಎಂದು ಕಾಯಲು
ಸಣ್ಣ ಉಕ್ಕಿನ ಗುಂಡುಗಳು, ಏಳು ಜನ ನೀರುಗಂಟಿಗಳು.
ಮಂಟೇಸ ಎಣಿಸಿದ. ಆರು.
ಇನ್ನೊಮ್ಮೆ ಎಣಿಸಿದ.
ದೀಪ ಹಚ್ಚುವ ಹೊತ್ತಿನವರೆಗೂ ಅವರಿಬ್ಬರು ನೆಲದ ಮೇಲೆ,
ನಾನು ಸ್ಟೂಲಿನ ಮೇಲಿಂದ ಟಾರ್ಚು ಹಿಡಿದು.
ಸಿಕ್ಕಿದ್ದು ಅವನ ಚಪ್ಪಲಿಯ ಸೀಳಿನಲ್ಲಿ.

"ಕ್ಯಾಲಿಪರ್ ಕೊಡ್ಲಾ" ಅಂದ ಖಲಂದರಣ್ಣ.
ಹುಡುಗ ತಿರುಗಿ ನನ್ನ ಕಾಲು ನೋಡಿದ.
ಅದಕ್ಕೇನಂತಾರೆ ಎಂದು ಬೆಳಿಗ್ಗೆಯಷ್ಟೇ ಕೇಳಿ ತಿಳಿದುಕೊಂಡಿದ್ದ.
ಅವನ ಕಿವಿ ಕೆಂಪಾಯಿತು.
ನಾನು ಜೋರಾಗಿ ನಕ್ಕೆ. ಆಮೇಲೆ ಅವನೂ.

ಮೊದಲನೆಯದಕ್ಕೆ ಅಳತೆ ಕೊಟ್ಟಾಗ ನನಗೆ ಏಳು.
ಬೆಳೆದಂತೆಲ್ಲ ಸರಳು ಉದ್ದ ಮಾಡಿ, ಪಟ್ಟಿ ಬದಲಿಸಿ,
ಈಗಿನದು ಹದಿಮೂರನೆಯದು.
ಕಾಲನ್ನು ಮಾತ್ರ ಯಾರೂ
ಗುಜರಿಗೆ ಹಾಕಿ ಎನ್ನಲಿಲ್ಲ.

ಹೊಸ ಬಿಲ್ಲೆಗಳು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆದವು, ಉದ್ದಿನ ಹಾಗೆ.
ಕನ್ವರ್ಟರನ್ನು ಲೇತಿಗೆ ಕೊಟ್ಟು ಸೀಳಿಸಿ, ತೊಳೆದು, ಬೆಸೆಸಿ ತಂದ.
ಮುಂದಿನ ಜಾಲರಿಯ ಹಿಂದೆ ಇನ್ನೊಂದು ಕೂಲರು:
"ಕಬ್ಬಿನ ಗಾಡಿ ಹಿಂದೆ ದಿನಾ ನಿಂತ್ರೂ ಬೇಯಕ್ಕಿಲ್ಲ."
ಕೊನೆಗೆ ಗುಟ್ಟು ಹೇಳುವವನಂತೆ ಬಗ್ಗಿ:
"ಕಂಪ್ನಿಯೋರು ಮಡಗಿದ್ದು ನಾಕೇ ಬಿಲ್ಲೆ ಕನಮ್ಮ.
ಉಕ್ಕಿನವ ತೆಳ್ಳಗೆ ಮಾಡಿ, ಜಾಗ ಬುಡಿಸಿ, ಐದು ಕೂರಿಸಿವ್ನಿ."
"ಹಾಗೆ ಮಾಡಬಹುದಾ? ಕಂಪನಿಯವರು..."
"ಕಂಪ್ನಿಯೋರು ಮಂಡ್ಯಕ್ಕೆ ಬಂದವ್ರಾ?"

ಅಳತೆ ನೋಡಿದ ಕಡ್ಡಿಯನ್ನು ಒರೆಸಿ ಎತ್ತಿಟ್ಟವನು
ಏನೂ ಕೇಳದೆ, ಡಬ್ಬಿಯ ತುದಿಯಿಂದ ಒಂದು ಹನಿ ಕೆಂಪೆಣ್ಣೆ
ನನ್ನ ಮೊಣಕಾಲ ಕೀಲಿಗೆ ಬಿಟ್ಟ.
ಸೀರೆಯ ಅಂಚಿಗೆ ಕಲೆಯಾಯಿತು. ಹೋಗಿಲ್ಲ ಇನ್ನೂ.

ಭಾನುವಾರ ಮೂವರೂ ಹೊರಟೆವು.
ಮೊದಲೆಲ್ಲ ಗೇರು ಬಿದ್ದದ್ದೇ ತಿಳಿಯುತ್ತಿರಲಿಲ್ಲ;
ಈಗ ಒಂದರಿಂದ ಎರಡಕ್ಕೆ ಸಣ್ಣಗೆ ಬೆನ್ನಿಗೊಂದು ತಟ್ಟು.
"ಒಸಿ ಒದೀತದೆ. ಇರ್ಲಿ ಬುಡಿ, ಐತೆ ಅಂತ ಗೊತ್ತಾಯ್ತದೆ."
ಕಾರ್ಖಾನೆಯ ತಿರುವಿನಲ್ಲಿ ಅದೇ ಸಾಲು.
ಒಂದು ಮಾರು. ನಿಲ್ಲು. ಒಂದು ಮಾರು.
ಮಂಟೇಸ ಇಳಿದು, ನಡೆದೇ ನಮಗಿಂತ ಮುಂದೆ ಹೋಗಿ
ಟ್ರೈಲರಿನಿಂದ ಜಲ್ಲೆಯೊಂದನ್ನು ಎಳೆದು ತಂದ.
ಎಡಗಾಲು ಮ್ಯಾಟಿನ ಮೇಲೆ ತನ್ನ ಪಾಡಿಗೆ ಕೂತಿತ್ತು,
ಮದುವೆಮನೆಯಲ್ಲಿ ಕೆಲಸ ಹೇಳಲಾಗದ ದೊಡ್ಡತ್ತೆಯಂತೆ.

ಸಾಲು ಕರಗಿತು. ರಸ್ತೆ ಬಿಟ್ಟುಕೊಟ್ಟಿತು.
ಖಲಂದರಣ್ಣ ಕಣ್ಣು ಮುಚ್ಚಿದ್ದ, ಪಾದ ತಳಕ್ಕೆ ಒತ್ತಿ.
"ಮೂರು" ಅಂದ,
ಮೂರು ಬೀಳುವ ಮುಂಚೆ.