ಎರಡು ಗಂಟೆ

ಖಾಲಿ ಹೊಟ್ಟೆಗೆ ಗ್ಲೂಕೋಸ್ ನೀರು.
ಲೋಟ ಬರಿದಾಗುವವರೆಗೂ ಸಿಸ್ಟರ್ ಎದುರಿಗೇ ನಿಂತಿದ್ದರು.
"ವಾಂತಿ ಮಾಡ್ಕಂಡ್ರೆ ನಾಳೆ ಮತ್ತೆ ಬರಬೇಕು, ಕರಿಬಸಮ್ಮ."
ಸೆರಗು ಬಾಯಿಗೊತ್ತಿ ಕೂತೆ.
ಇನ್ನು ಎರಡು ಗಂಟೆ ಬೆಂಚು.

ಪಕ್ಕದಲ್ಲಿ ಮುಬೀನಾ, ಮಂಡಕ್ಕಿ ಭಟ್ಟಿಯವಳು,
ರೆಪ್ಪೆಯ ಮೇಲೆ ಇನ್ನೂ ಹೊಟ್ಟಿನ ಬೂದಿ.
ಮೂರನೆಯದಂತೆ.
ಎರಡನೆಯವನು ಹುಟ್ಟಿದಾಗ ನಾಲ್ಕೂಕಾಲು ಕೆಜಿ,
ಪೈಲ್ವಾನ್ ಬಂದಾನೆ ಅಂತ ಓಣಿಗೆ ಓಣಿಯೇ ನೋಡಿ ಹೋಗಿತ್ತು.
"ಅದೂ ಶುಗರ್ರೇ ಇದ್ದೀತು ಅಂತಾರೆ ಈಗ,"
ಅಂದಳು,
ಹಳೆಯ ಹೆಮ್ಮೆಯೊಂದನ್ನು ವಾಪಸ್ ಕೊಡುವವಳ ಹಾಗೆ.

ನನ್ನ ಚೀಟಿಯಲ್ಲಿ ನೂರ ಎಪ್ಪತ್ತೆರಡು.
"ಶುಗರ್ ಬಂದೈತೆ" ಅಂದರು,
ನೆಂಟರು ಬಂದ ಹಾಗೆ.
ಯಾವಾಗ ಹೋಗುತ್ತೆ, ಕೇಳಿದೆ.
ಹೆರಿಗೆ ಆದ ಮೇಲೆ. ಕೆಲವರಿಗೆ ಹೋಗೋದಿಲ್ಲ.
ಹೋದದ್ದೂ ಮನೆಯ ದಾರಿ ನೆನಪಿಟ್ಟುಕೊಂಡಿರುತ್ತೆ.

ತಿಂಗಳು ನಿಂತ ಸುದ್ದಿ ಹೇಳಿದ ದಿನ
ನಿನ್ನ ಬಾಯಿಗೆ ಸಕ್ಕರೆ ಹಾಕ ಅಂದು
ಅತ್ತೆ ನಿಜಕ್ಕೂ ಹಾಕಿದ್ದರು, ಒಂದು ಹಿಡಿ.
ಹಲ್ಲಿನಡಿ ಕರಕರ ಅಂದದ್ದು ಅದೇ ಇರಬೇಕು—
ಅಲ್ಲ, ಗೊತ್ತು. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು:
ಮಾಸು ಏನೋ ರಸ ಬಿಡುತ್ತದೆ, ಒಳಗಿನ ಬೀಗಗಳು ಬಿಗಿಯಾಗುತ್ತವೆ.
ಆದರೂ ರಾತ್ರಿ ನಾಲಿಗೆ ಆ ಹಿಡಿಯನ್ನೇ ಹುಡುಕುತ್ತದೆ.
ತಪ್ಪು ಯಾರದಾದರೂ ಆಗಬೇಕಲ್ಲ.

ಪಥ್ಯದ ಹಾಳೆಯಲ್ಲಿ
ತಿನ್ನಬಾರದ್ದರ ಸಾಲಿನಲ್ಲಿ ಮೂರನೆಯದು ಮಂಡಕ್ಕಿ.
ಮುಬೀನಾ ನಕ್ಕಳು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.
ಊದಿದರೆ ಹಾರುತ್ತೆ,
ಚೀಲ ಹೊತ್ತರೂ ಹೆಗಲಿಗೆ ತಿಳಿಯೋದಿಲ್ಲ,
ಇಷ್ಟು ಹಗುರಾದ್ದು ರಕ್ತಕ್ಕೆ ಭಾರವಾ ಸಿಸ್ಟರ್?
ದಾವಣಗೇರಿಯಲ್ಲಿ ಹುಟ್ಟಿ ಮತ್ತೇನು ತಿನ್ನೋದು?
ಹಾಳೆಯ ತಟ್ಟೆಯಲ್ಲಿ ಸೇಬು, ಬಾದಾಮಿ.
ಅವು ನಮ್ಮಿಬ್ಬರ ಗುರುತು ಹಿಡಿಯಲಿಲ್ಲ.

ಇನ್ಸುಲಿನ್ ಸೀಸೆ ಕೆಳಗಿನ ಮನೆಯವರ ಫ್ರಿಜ್ಜಿನಲ್ಲಿ,
ಬೆಣ್ಣೆ ಡಬ್ಬಿಯ ಪಕ್ಕ.
ದಿನಕ್ಕೆ ಎರಡು ಸಲ ಬಾಗಿಲು ತಟ್ಟಬೇಕು.
"ಇದು ಅಂಟೋದಿಲ್ಲ ತಾನೆ?"
ಕೇಳುವುದು ನನ್ನನ್ನಲ್ಲ, ಸೀಸೆಯನ್ನು.
ಮೊದಲ ದಿನ ಸೂಜಿ ಕಂಡು ಹೊರಗೆ ಹೋಗಿದ್ದ ಗಂಡ
ಈಗ ಗಡಿಯಾರ ನೋಡಿ ತಾನೇ ಕರೆಯುತ್ತಾನೆ,
ಕರೆದು, ಗೋಡೆಗೆ ಮುಖ ಮಾಡುತ್ತಾನೆ.

ಏಳರಲ್ಲಿ ಅವ್ವ ಜಗಳೂರು ಬಸ್ಸಿಳಿದಳು.
ಶೇಂಗಾ ಹೋಳಿಗೆ, ಇಪ್ಪತ್ತೊಂದು.
ಬಸುರಿ ಬಯಕೆ ಉಳಿದರೆ ಕೂಸಿನ ಕಿವಿ ಸೋರುತ್ತೆ.
ಒಂದರ ಕಾಲು ಭಾಗ ಮುರಿದುಕೊಂಡೆ.
ಉಳಿದದ್ದನ್ನು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.
"ಐದು ಹೆತ್ತೀನಿ ನಾನು, ಯಾರೂ ನನ್ನ ರಕ್ತ ಅಳೀಲಿಲ್ಲ."
ನಾವು ಮೂವರೇ ಇದ್ದೇವೆ.
ನಾನು ಕೇಳಲಿಲ್ಲ.
ದೀಪ ಆರಿಸಿದ ಮೇಲೆ ಅವಳೇ ಅಂದಳು:
"ಒಂದು ಭಾಳ ದೊಡ್ಡ ಕೂಸು.
ಚೆಂದ ಇತ್ತು. ಅಳಲೇ ಇಲ್ಲ."

ಮಗಳು ಹುಟ್ಟಿದಳು, ಅತ್ತಳು.
ಒರೆಸಿ ತರುವ ಮೊದಲೇ ಹಿಮ್ಮಡಿಗೆ ಸೂಜಿ,
ಸಾಸಿವೆಯಷ್ಟು ರಕ್ತ.
"ಇದಕ್ಕೆ ಕಮ್ಮಿ ಐತೆ. ಬೇಗ ಎದೆಗೆ ಹಾಕ್ಕಳ್ರಿ."
ಇಷ್ಟು ದಿನ ನನ್ನಲ್ಲಿ ತುಂಬಿ ತುಳುಕಿದ್ದು
ಇವಳಲ್ಲಿ ಇಲ್ಲ.
ಹಾಕಿಕೊಂಡೆ. ಹುಡುಕಿದಳು, ಸಿಕ್ಕಿತು.

"ಎರಡು ಗಂಟೆ ಬಿಟ್ಟು ಮತ್ತೆ ನೋಡ್ತೀವಿ."

ಪಕ್ಕದ ಮಂಚ ಖಾಲಿ ಇತ್ತು.
ಮುಬೀನಾಳಿಗೂ ಇದೇ ವಾರ ದಿನ ತುಂಬಬೇಕು.
ಅವತ್ತು ಅಷ್ಟು ಹೊತ್ತು ಕೂತಿದ್ದೆವು,
ನಂಬರ್ ಬರೆದುಕೊಂಡಿರಲಿಲ್ಲ.