ಹೊಸದೇನಿದೆ

ಮೂರು ಸಿಡಿ. ಮೇಲೆ ಮಾರ್ಕರ್ ಪೆನ್ನಿನ ಗೀಚು: ಏಳು ಪಾಯಿಂಟ್ ಎರಡು.
ಹೊರಗಿನವರಿಗೆ ಆಗಲೇ ಹಳಸಲು.
ತಾರ್ತುವಿನಲ್ಲಿ ಓದುವ ತ್ಸಿಯಾಲಾಳ ಅಣ್ಣನ ಮಗ
ಉಣ್ಣೆಯ ಕಾಲುಚೀಲದೊಳಗೆ ತುರುಕಿ ಕಳಿಸಿದ್ದ.
ಕುತೈಸಿ ತಲುಪಿದಾಗ ಜನವರಿ,
ದಿನಕ್ಕೆ ನಾಲ್ಕು ಗಂಟೆ ಕರೆಂಟು,
ಅದೂ ಯಾವ ನಾಲ್ಕು ಎಂದು ಯಾರೂ ಹೇಳರು.

ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸರ್ವರ್,
ಅದರ ಪಕ್ಕ ನಾನು. ಟ್ರಕ್ ಕಾರ್ಖಾನೆ ಮುಚ್ಚಿದ ಮೇಲೆ
ಸ್ಕ್ರೂಡ್ರೈವರ್ ಹಿಡಿಯಬಲ್ಲವನೆಂದು
ಇದಕ್ಕೂ ನನ್ನನ್ನೇ ಕಟ್ಟಿಹಾಕಿದರು.

'ಹೊಸದೇನಿದೆ' ಎಂಬ ಹಾಳೆಯನ್ನು
ಸೀಮೆಎಣ್ಣೆ ಒಲೆಯ ಬೆಳಕಿಗೆ ಹಿಡಿದೆ.
ಮೆನುಗಳಿಗೆ ಈಗ ನೆರಳು ಬೀಳುತ್ತದಂತೆ. ಬೀಳಲಿ.
ಕಿಟಕಿ ಮುಚ್ಚಿದರೆ ಗಂಟೆಯ ಸದ್ದು. ನಮ್ಮ ಡಬ್ಬಕ್ಕೆ ಬಾಯಿಯೇ ಇಲ್ಲ.
ಎಂಟು ಪ್ರೊಸೆಸರ್‌ಗಳನ್ನು ಒಟ್ಟಿಗೆ ಸಾಕುತ್ತದಂತೆ,
ಅದು ಎಂಟಿದ್ದವರ ಮನೆಯ ಮಾತು.
ಆರನೆಯ ಸಾಲಿನಲ್ಲಿ ಬೆರಳು ನಿಂತಿತು:

ಡಿಸ್ಕು ಇನ್ನುಮುಂದೆ ದಿನಚರಿ ಬರೆಯುತ್ತದೆ.
ಒಂದು ಕೆಲಸಕ್ಕೆ ಕೈ ಹಾಕುವ ಮೊದಲು
'ಇದನ್ನು ಮಾಡಲಿದ್ದೇನೆ' ಎಂದು ಬರೆದಿಟ್ಟು,
ಆಮೇಲೆ ಮಾಡಿ, ಆಮೇಲೆ ಅಳಿಸುತ್ತದೆ.
ನಡುವೆ ದೀಪ ಹೋದರೆ
ಎದ್ದು ಕೊನೆಯ ಸಾಲು ಓದಿಕೊಂಡರಾಯಿತು.
ನನ್ನ ಹೆಂಡತಿಯೂ ಹೀಗೆಯೇ, ಅಡುಗೆಮನೆ ಗೋಡೆಯ ಮೇಲೆ.

ಅಲ್ಲಿಯವರೆಗೆ ಏನಿತ್ತು? ಪ್ರತಿ ಸಲ ಕರೆಂಟು ಬಂದಾಗಲೂ
ನಲವತ್ತು ನಿಮಿಷ ಅದು ತನ್ನ ಮೈಯ ಎಲುಬು ಎಣಿಸುತ್ತಿತ್ತು,
ಎಣಿಕೆ ಮುಗಿಯುವಷ್ಟರಲ್ಲಿ ಮತ್ತೆ ಕತ್ತಲು.
ವಾರಸುದಾರರಿಲ್ಲದ ಚೂರುಗಳನ್ನೆಲ್ಲ
'ಕಳೆದದ್ದು-ಸಿಕ್ಕಿದ್ದು' ಎಂಬ ಪೆಟ್ಟಿಗೆಗೆ ಎಸೆಯುತ್ತಿತ್ತು,
ರೈಲ್ವೆ ಸ್ಟೇಶನ್ನಿನ ಒಂಟಿ ಕೈಗವಸುಗಳ ಹಾಗೆ.

ಒಂಬತ್ತನೆಯ ಸಾಲನ್ನು ತ್ಸಿಯಾಲಾಳಿಗೆ ಓದಿ ಹೇಳಿದೆ.
ಮೂವತ್ತೊಂದು ವರ್ಷದಿಂದ ಸೂಲಗಿತ್ತಿ,
ಕಂಪ್ಯೂಟರನ್ನು ಗೊಡ್ಡು ಹಸುವಿನಂತೆ ನೋಡುವವಳು.
'ಎಲ್ಲ ಭಾಷೆಯ ಅಕ್ಷರಗಳೂ ಒಂದೇ ಕಡತದಲ್ಲಿ ಉಳಿಯುತ್ತವೆ.'
'ನಮ್ಮವೂ?'
'ಮೂವತ್ತಮೂರೂ.'
ಅವಳು ಒದ್ದೆ ಕೈಯಲ್ಲೇ ಕುರ್ಚಿ ಎಳೆದಳು.

ಯಾಕೆಂದರೆ ಈ ಚಳಿಗಾಲದ ಕೂಸುಗಳೆಲ್ಲ
ಆ ಯಂತ್ರದೊಳಗೆ ಪ್ರಶ್ನೆಚಿಹ್ನೆಗಳಾಗಿದ್ದವು.
ತೂಕ ಇದೆ, ವೇಳೆ ಇದೆ, ತಾಯಿಯ ರಕ್ತದ ಗುಂಪು ಇದೆ,
ಹೆಸರಿರಬೇಕಾದಲ್ಲಿ ಕೊಕ್ಕೆಗಳ ಸಾಲು,
ಕಟುಕನ ಅಂಗಡಿಯಲ್ಲಿ ಮಾಂಸ ಮುಗಿದ ಮೇಲೆ ಉಳಿಯುವಂಥವು.
ಕಾಗದದ ದಫ್ತರ? ಚಳಿಗೆ ಅದು ಒಲೆ ಸೇರಿತ್ತು.
ಯಾರು ಹಾಕಿದರೆಂದು ನಾವು ಕೇಳಿಕೊಳ್ಳುವುದಿಲ್ಲ.

ಹೊಸ ಆವೃತ್ತಿ ಹಳೆಯ ಕೊಕ್ಕೆಯನ್ನು ಬಿಡಿಸದು.
ಅದಕ್ಕೆ ತ್ಸಿಯಾಲಾ ಬೇಕಾಯಿತು.
'ಇದು ಟ್ಯಾಕ್ಸಿಯಲ್ಲೇ ಹುಟ್ಟಿತು, ಖ್ವಿಚಾ ಅಂತ ಬರಿ.
ಇದಕ್ಕೆ ಹುಟ್ಟುವಾಗಲೇ ಮುನಿಸು, ಬಾದ್ರಿ.
ಇವಳು ಮಘ್ವಾಲಾ, ಅಜ್ಜಿಯ ಹೆಸರು, ಮುಳ್ಳುಪೊದೆಯ ಕಪ್ಪು ಹಣ್ಣು.'
ಮೂರನೆಯ ಅಕ್ಷರ ಗಂಟಲಿನಿಂದ ಇಳಿದು
ದುಂಡಗೆ, ಬಾಲ ಬಿಟ್ಟುಕೊಂಡು ಪರದೆಯ ಮೇಲೆ ಕೂತಿತು.
ಅವಳು ಗಾಜನ್ನು ಉಗುರಿನಿಂದ ಮುಟ್ಟಿ ನೋಡಿದಳು.

ಹದಿನೇಳನೆಯ ಹೆಸರಿನ ನಡುವೆ ದೀಪ ಹೋಯಿತು.
ಮರಳಿ ಬಂದಾಗ ನಾನು ವಾಚು ನೋಡುತ್ತಿದ್ದೆ.
ಎಲುಬು ಎಣಿಸಲಿಲ್ಲ. ನಾಲ್ಕೇ ಸೆಕೆಂಡಿನಲ್ಲಿ
ದಿನಚರಿ ತಿರುವಿ ಹಾಕಿ ಮುಂದಕ್ಕೆ ಹೋಯಿತು.
ಹದಿನಾರೂ ಇದ್ದವು.

ನಲವತ್ತೊಂದರಲ್ಲಿ ನಲವತ್ತು ಬಂದವು.
ನವೆಂಬರ್ ಒಂಬತ್ತು, ನಸುಕಿನ ಮೂರು ಹತ್ತು,
ಎರಡು ಕೆಜಿ ಒಂಬೈನೂರು, ಗಂಡು, ಆರು ಕೊಕ್ಕೆ.
ತಾಯಿ ಬೆಟ್ಟದಾಚೆಯವಳು, ವಿಳಾಸವೂ ಕೊಕ್ಕೆಯೇ.
ತ್ಸಿಯಾಲಾ ಕಣ್ಣು ಮುಚ್ಚಿ ಎರಡೂ ಅಂಗೈ ಬೊಗಸೆ ಮಾಡಿದಳು:
'ಕೈಗೆ ನೆನಪಿದ್ದಾನೆ. ನಾಲಗೆಗೆ ಬರುತ್ತಿಲ್ಲ.'

ಹಾಳೆಯ ಕೊನೆಗೆ 'ತಿಳಿದಿರುವ ತೊಂದರೆಗಳು' ಎಂದಿತ್ತು,
ಪ್ರಿಂಟರಿನದೊಂದು, ಮೌಸಿನದೊಂದು.
ಕೆಳಗೆ ಪೆನ್ಸಿಲ್ಲಿನಲ್ಲಿ ಆ ತಾರೀಖು ಬರೆದೆ.

ಆಮೇಲೆ ಎಷ್ಟು ಆವೃತ್ತಿಗಳು ಬಂದುಹೋದವೋ.
ತ್ಸಿಯಾಲಾ ಈಗಲೂ ಮಾರುಕಟ್ಟೆಯಲ್ಲಿ
ಹುಳಿ ಪ್ಲಮ್ ಆರಿಸುತ್ತ, ಆ ವಯಸ್ಸಿನ ಹುಡುಗ ಕಂಡರೆ
'ನಿನ್ನ ಹೆಸರೇನಪ್ಪಾ' ಎನ್ನುತ್ತಾಳೆ,
ಕೋಟಿನ ಜೇಬಿನೊಳಗೆ ಬೆರಳು ಮಡಿಸಿ ಅಕ್ಷರ ಎಣಿಸುತ್ತಾಳೆ.
ಆರು ಬಂದರೆ ನನಗೆ ಫೋನು.