ಗಾಳಿ ಕೂರಿಸುವುದು

ಹಗಲೆಲ್ಲ ಹತ್ತಡಿ, ಹನ್ನೆರಡಡಿ.
ಹುಟ್ಟುಹಬ್ಬದ ಯುವನಾಯಕರ ಗಲ್ಲಕ್ಕೆ ಬಿಳುಪು ಬಳಿದು,
ಕನ್ನಡಕದೊಳಗಿನ ಟ್ಯೂಬ್‌ಲೈಟು ಅಳಿಸಿ,
ಸುತ್ತ ನಲವತ್ತು ಪಾಸ್‌ಪೋರ್ಟ್ ಮುಖ ಅಂಟಿಸಿ
ಗುತ್ತಲು ರಸ್ತೆಯ ಈ ಅಂಗಡಿಯಿಂದ ಕಳಿಸುತ್ತೇನೆ
ಮಂಡ್ಯದ ಎಲ್ಲ ಸರ್ಕಲ್ಲಿಗೂ.
ಗಾಳಿ ನುಸುಳಿ ಹೋಗಲೆಂದು ಫ್ಲೆಕ್ಸಿನ ಮೈಯಲ್ಲಿ
ಅರ್ಧಚಂದ್ರ ಕೊಯ್ಯುವುದೂ ನಾನೇ.

ರಾತ್ರಿ, ಶಟರು ಅರ್ಧ ಇಳಿದ ಮೇಲೆ,
ಹೆಬ್ಬೆರಳ ಉಗುರಿನಷ್ಟು ಬಾವುಟ.
ತನ್ವೀರನ ಮೂಳೆಸೈನ್ಯಕ್ಕೆ ಎದುರಾಗಿ ನನ್ನವರು
ಕಪ್ಪೆಮೋರೆಯ ಮೂವತ್ತು ಜನ, ಕಿರುಬೆರಳ ಎತ್ತರ.
ಭಾನುವಾರ ಅವನ ಮನೆಯ ಊಟದ ಟೇಬಲ್ಲಿನ ಮೇಲೆ ಯುದ್ಧ.

ಕೋಲಿಗೆ ಪೊರಕೆ ಕಡ್ಡಿ, ತುದಿಗೆ ಸಾಸಿವೆ ಕಾಳು.
ಬಟ್ಟೆ ಆಗುವುದಿಲ್ಲ, ಈ ಅಳತೆಗೆ ಮಲ್ಲೂ ಕಂಬಳಿಯೇ.
ಹಳೆ ಬಿಲ್ಲುಪುಸ್ತಕದ ತೆಳು ಹಾಳೆ, ನೀರು ಬೆರೆಸಿದ ಫೆವಿಕಾಲ್,
ಒದ್ದೆ ಇರುವಾಗಲೇ ರೀಫಿಲ್ಲಿಗೆ ಸುತ್ತಿ, ಬಿಡಿಸಿ
ಒಂದು ಏರು, ಒಂದು ಇಳಿ, ಅಂಚಿನಲ್ಲೊಂದು ಸೊಟ್ಟ.
ಒಣಗಿತೋ, ಗಾಳಿ ಕೂತಿತು.
ಮಡಿಕೆಯ ಆಳಕ್ಕೆ ನೀಲಿ, ಉಬ್ಬಿಗೆ ತುಸು ಹಳದಿ,
ಉಸಿರು ಬಿಗಿಹಿಡಿದು.

ಲಾಂಛನ ಮಾತ್ರ ಹೊಳೆದಿರಲಿಲ್ಲ.
ಕತ್ತಿ, ಹಾವು, ಒಂಟಿಕಣ್ಣು. ಬರೆದೆ, ಒರೆಸಿದೆ.
ಕಪ್ಪೆಗಳು ಯಾವುದಕ್ಕಾಗಿ ಸಾಯುತ್ತವೆ?

ಶಟರಿನಡಿ ತಲೆ ತಗ್ಗಿಸಿ ಬಂದರು ನಿಂಗರಾಜು.
ಕೈಯಲ್ಲಿ ಹೆಂಡತಿಯ ಡಿಪೋ ಕಾರ್ಡು:
ಚಿಕ್ಕತಾಯಿ, ನಿರ್ವಾಹಕಿ. ನಾಗಮಂಗಲ ರೂಟಂತೆ.
ಶ್ರದ್ಧಾಂಜಲಿಯಾ? ಆರು-ನಾಲ್ಕೋ, ಎಂಟು-ಆರೋ? ಎಂದೆ.
ಅವರ ಕಣ್ಣು ಮೇಜಿನ ಮೇಲಿತ್ತು.
"ಸರ್ಕಲ್ಲಲ್ಲಿ ನಿಲ್ಸೋದು ಬ್ಯಾಡ ಕಣವ್ವ,
ದಿನಾ ನಿಂತೇ ಇದ್ಲು.
ಇದ್ಯಾರ್ದು, ಈಟುದ್ದದ್ದು?"

ಏನು ಬರೆಯಲಿ ಅಂದೆ.
ಕಬ್ಬಿನ ಲಾರಿಯೊಂದು ಹಾದು ಗಾಜು ನಡುಗಿತು.
ಅದು ನಿಂತ ಮೇಲೂ ಬಹಳ ಹೊತ್ತಾಯಿತು.
"ಸೀಟಿ" ಅಂದರು.

ಮೂರು ಕೂದಲ ಕುಂಚ. ಖಾಕಿ ನೆಲ. ಸೀಟಿ.
ಸೀಟಿಯೊಳಗೆ ಉರುಳುವ ಗುಂಡಿಗೆ ಬಿಳಿಯ ಒಂದೇ ಚುಕ್ಕೆ.
ಕೆಳಗೆ, ರಾಜರಾದರೆ ಬಿರುದು ಬರೆಸುವ ಜಾಗದಲ್ಲಿ,
ಭೂತಗನ್ನಡಿ ಹಿಡಿದರಷ್ಟೇ ಕಾಣುವ ಹಾಗೆ:
ರೈಟ್ ರೈಟ್.
ಸ್ಟೂಲು ಕೊಟ್ಟರೂ ಕೂರಲಿಲ್ಲ ಅವರು, ಬಣ್ಣ ಒಣಗುವ ತನಕ.

ನಮ್ಮದು ಚದರಡಿ ಲೆಕ್ಕ. ಹಾಕಿ ನೋಡಿದರೆ
ಕಾಸೂ ಹುಟ್ಟಲಿಲ್ಲ.
"ಕಡ್ಡಿ ದುಡ್ಡಾದ್ರೂ ಇಟ್ಕೊ" ಎಂದು ಹತ್ತು ರೂಪಾಯಿ ಇಟ್ಟು
ಬಾವುಟವನ್ನು ಕಾರ್ಡಿನ ಕವರಿಗೆ ಸಿಕ್ಕಿಸಿ
ಎದೆಮಟ್ಟಕ್ಕೆ ಹಿಡಿದು ರಸ್ತೆಗಿಳಿದರು.
ಹೊರಗೆ ಗಾಳಿ. ಕಂಬಕಂಬದ ಮೇಲೂ ನನ್ನ ಯುವನಾಯಕರು
ಪಟಪಟ ಬಡಿದುಕೊಂಡರು.
ಅದು ಮಾತ್ರ ನಾನು ಕೂರಿಸಿದ ಗಾಳಿಯಲ್ಲೇ ಹಾರುತ್ತಿತ್ತು.

ಭಾನುವಾರ ಬರಿಗೈಲಿ ಇಳಿದೆ.
"ಎಲ್ಲೋಯ್ತು ನಿನ್ ಝಂಡಾ?" ತನ್ವೀರ್ ಕೇಳಿದ.
ನಾಗಮಂಗಲಕ್ಕೆ ಅಂದೆ.
ಅವನ ದಾಳ ಬಿತ್ತು.
ಮೂರನೇ ಸುತ್ತಿಗೆ ನನ್ನ ಕಪ್ಪೆಗಳೆಲ್ಲ ಅಂಗಾತ.